ಸಾಂಕ್ರಾಮಿಕವೂ ಸಮಾಜಧರ್ಮವೂ: ಸಿಂಗಪುರ ಕಲಿಸಿದ ಎರಡು ಪಾಠಗಳು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸಂಸ್ಥೆಯ ಏಳಿಗೆಯನ್ನೂ ಗುರುಹಿರಿಯರ ಪರಿಶ್ರಮವನ್ನೂ ದಾನಿಗಳ ಔದಾರ್ಯವನ್ನೂ ನೆನೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಸಂಪಾದಕ ಮಂಡಳಿಯವರು ನನ್ನಿಂದ ಲೇಖನವೊಂದನ್ನು ಅಪೇಕ್ಷಿಸಿದಾಗ ನನ್ನ ಮನಸ್ಸು ಬೇರೊಂದು ಕಡೆಗೆ ಹರಿಯಿತು. 2020 ಮತ್ತು 2021ನೆಯ ವರ್ಷಗಳಲ್ಲಿ ನಮ್ಮ ಶಾಲೆಯ ಗಂಟೆ ತಿಂಗಳುಗಟ್ಟಲೆ ಮೌನವಾಗಿತ್ತು. ಪ್ರಾರ್ಥನೆಯ ಅಂಗಳದಲ್ಲಿ ಹುಲ್ಲು ಬೆಳೆದಿತ್ತು. ವಿದ್ಯಾರ್ಥಿನಿಲಯದ ಅಡುಗೆಮನೆಯ ಒಲೆ ತಣ್ಣಗಾಗಿತ್ತು. ಆ ದಿನಗಳನ್ನು ನಾವೆಲ್ಲರೂ ಈಗ ಮರೆಯುತ್ತ ಬಂದಿದ್ದೇವೆ. ದುಃಖದ ವಿಷಯದಲ್ಲಿ ಮರೆವು ಮನುಷ್ಯನಿಗೆ ದೊರೆತ ವರವೇ ಸರಿ. ಆದರೆ ಸಾಂಕ್ರಾಮಿಕ ರೋಗದ ವಿಷಯದಲ್ಲಿ ಅದು ಶಾಪವಾಗಿ ಪರಿಣಮಿಸುತ್ತದೆ. ಒಂದು ಪಿಡುಗು ಹೋದ ಮೇಲೆ ಇನ್ನೊಂದು ಬರುವವರೆಗಿನ ಅವಧಿಯಲ್ಲಿ ಸಮಾಜವು ಏನನ್ನು ನೆನಪಿಟ್ಟುಕೊಳ್ಳುತ್ತದೆ, ಏನನ್ನು ಕೈಬಿಡುತ್ತದೆ ಎಂಬುದರ ಮೇಲೆಯೇ ಅದರ ಮುಂದಿನ ಭವಿಷ್ಯ ನಿಂತಿರುತ್ತದೆ.

ಈ ಮಾತಿಗೆ ನಿದರ್ಶನವಾಗಿ ಒಂದು ಪುಟ್ಟ ರಾಷ್ಟ್ರದ ಕಥೆಯನ್ನು ಓದುಗ ಮಹನೀಯರ ಮುಂದಿಡಲು ಬಯಸುತ್ತೇನೆ. ಅದು ಸಿಂಗಪುರ. ಒಂದೇ ರಾಷ್ಟ್ರವು ಹದಿನೇಳು ವರ್ಷಗಳ ಅಂತರದಲ್ಲಿ ಎರಡು ಹೊಸ ಶ್ವಾಸಕೋಶ ರೋಗಗಳನ್ನು ಎದುರಿಸಿತು. ಮೊದಲನೆಯ ಸಲ ಅದು ಜಗತ್ತಿಗೆ ಮೇಲ್ಪಂಕ್ತಿಯಾಯಿತು. ಎರಡನೆಯ ಸಲ, ಮೊದಲಿನ ಪಾಠವನ್ನು ಚೆನ್ನಾಗಿ ಕಲಿತಿದ್ದರೂ, ಒಂದು ಕಡೆ ಎಡವಿತು. ಗೆಲುವಿನಷ್ಟೇ ಈ ಎಡವುವಿಕೆಯೂ ನಮಗೆ ಬೋಧಪ್ರದವಾದುದು.

2002ನೆಯ ನವೆಂಬರಿನಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಹಿಂದೆ ಕಂಡರಿಯದ ಒಂದು ಬಗೆಯ ನ್ಯುಮೋನಿಯ ತಲೆದೋರಿತು. ಮೊದಲ ಕೆಲವು ತಿಂಗಳು ಆ ಸುದ್ದಿ ಹೊರಜಗತ್ತಿಗೆ ಸರಿಯಾಗಿ ತಲುಪಲಿಲ್ಲ. 2003ನೆಯ ಫೆಬ್ರುವರಿಯಲ್ಲಿ ಆ ಪ್ರಾಂತದ ವೈದ್ಯರೊಬ್ಬರು, ತಮಗೆ ರೋಗ ತಗಲಿದ್ದಾಗಲೇ, ಹಾಂಗ್‌ಕಾಂಗಿನ ಹೋಟೆಲೊಂದರಲ್ಲಿ ತಂಗಿದರು. ಅದೇ ಹೋಟೆಲಿನಲ್ಲಿ ಇಳಿದಿದ್ದ ಇತರ ಪ್ರವಾಸಿಗಳ ಮೂಲಕ ರೋಗವು ಹನೋಯಿ, ಟೊರಾಂಟೊ ಮತ್ತು ಸಿಂಗಪುರಗಳನ್ನು ಮುಟ್ಟಿತು. ಮಾರ್ಚ್ 12ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿಗೆಲ್ಲ ಎಚ್ಚರಿಕೆಯನ್ನು ಸಾರಿತು. ಸಾರ್ಸ್ ಎಂಬ ಹೆಸರು ಆಗ ಎಲ್ಲರ ಬಾಯಲ್ಲಿಯೂ ಆಡತೊಡಗಿತು. ಅದರ ಕಾರಣ ಒಂದು ಹೊಸ ಕೊರೋನ ವೈರಾಣು ಎಂಬುದು ಕೆಲವೇ ವಾರಗಳಲ್ಲಿ ತಿಳಿದುಬಂದಿತು. ಆದರೆ ಆ ರೋಗಕ್ಕೆ ಲಸಿಕೆ ಇರಲಿಲ್ಲ. ನಿಶ್ಚಿತವಾದ ಔಷಧವೂ ಇರಲಿಲ್ಲ.

ಲಸಿಕೆಯಿಲ್ಲದ, ಔಷಧವಿಲ್ಲದ ರೋಗವನ್ನು ರಾಷ್ಟ್ರವೊಂದು ಹೇಗೆ ಎದುರಿಸಬೇಕು? ಸಿಂಗಪುರವು ಅನುಸರಿಸಿದ ಮಾರ್ಗ ಹಳೆಯದೇ ಆಗಿತ್ತು. ರೋಗಿಗಳನ್ನು ಬೇಗನೆ ಗುರುತಿಸುವುದು, ಪ್ರತ್ಯೇಕವಾಗಿರಿಸುವುದು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಮನೆಯಲ್ಲಿಯೇ ಇರಿಸುವುದು. ಮಾರ್ಚ್ 22ರಂದು ಟಾನ್ ಟಾಕ್ ಸೆಂಗ್ ಆಸ್ಪತ್ರೆಯನ್ನು ಸಾರ್ಸ್ ರೋಗಿಗಳಿಗೆಂದೇ ಮೀಸಲಿಡಲಾಯಿತು. ಮಾರ್ಚ್ 24ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದು, ಸಂಪರ್ಕಿತರಿಗೆ ಹತ್ತು ದಿನಗಳ ಗೃಹಬಂಧನವನ್ನು ವಿಧಿಸಲಾಯಿತು. ಮಾರ್ಚ್ 27ರಿಂದ ಶಾಲೆಗಳು ಮುಚ್ಚಿದವು. ಕೇವಲ ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಎಲ್ಲ ಶಾಲೆಗಳನ್ನೂ ಮುಚ್ಚಲು ಬಲವಾದ ಕಾರಣವಿಲ್ಲವೆಂದೂ, ತಂದೆತಾಯಿಗಳ ಆತಂಕವನ್ನು ಮನ್ನಿಸಿ ಮುಚ್ಚುತ್ತಿರುವುದಾಗಿಯೂ ಸರ್ಕಾರವು ಆಗಲೇ ಬಿಚ್ಚಿ ಹೇಳಿತು ಎಂಬುದು ಗಮನಾರ್ಹ. ಏಪ್ರಿಲ್ 9ರಿಂದ ಶಾಲೆಗಳು ಹಂತಹಂತವಾಗಿ ತೆರೆದವು. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಉಷ್ಣಮಾಪಕವನ್ನು ಕೊಡಲಾಯಿತು. ಮಕ್ಕಳು ತಮ್ಮ ಮೈಯ ಬಿಸಿಯನ್ನು ತಾವೇ ನೋಡಿಕೊಂಡು ಬರೆದಿಡುವ ಅಭ್ಯಾಸವನ್ನು ಕಲಿತರು. ಜ್ವರ ಬಂದ ಮೇಲೆಯೇ ಸಾರ್ಸ್ ರೋಗಿಯು ಇತರರಿಗೆ ರೋಗವನ್ನು ಹೆಚ್ಚಾಗಿ ಅಂಟಿಸುತ್ತಿದ್ದುದರಿಂದ ಈ ಸಣ್ಣ ಸಾಧನ ನಿಜವಾಗಿಯೂ ಉಪಯುಕ್ತವಾಗಿತ್ತು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ಸಂಗತಿ ಬೇರೆ. ಗೃಹಬಂಧನದಲ್ಲಿದ್ದವರ ಪೈಕಿ ಸ್ವಂತ ದುಡಿಮೆಯಿಂದ ಬಾಳುವವರಿಗೆ, ಎಂದರೆ ಟ್ಯಾಕ್ಸಿ ಓಡಿಸುವವರು, ತರಕಾರಿ ಮಾರುವವರು ಮುಂತಾದವರಿಗೆ, ಸರ್ಕಾರವು ದಿನವೊಂದಕ್ಕೆ 70 ಸಿಂಗಪುರ ಡಾಲರುಗಳ ಭತ್ಯವನ್ನು ಕೊಟ್ಟಿತು. ಏಪ್ರಿಲಿನಲ್ಲಿ ಪಾಸಿರ್ ಪಂಜಾಂಗ್ ಎಂಬ ಸಗಟು ತರಕಾರಿ ಮಾರುಕಟ್ಟೆಯಲ್ಲಿ ರೋಗ ಕಂಡುಬಂದಾಗ ಆ ಮಾರುಕಟ್ಟೆಯನ್ನೇ ಮುಚ್ಚಿ ಅಲ್ಲಿನ ಜನರನ್ನು ಮನೆಯಲ್ಲಿರಿಸಬೇಕಾಯಿತು. ಮನೆಯಲ್ಲಿ ಕುಳಿತವನಿಗೆ ಅನ್ನವಿಲ್ಲದೆ ಹೋದರೆ ಅವನು ಮನೆಯಲ್ಲಿ ಕುಳಿತಿರಲಾರ. ಇದು ಕಾನೂನಿನ ಮಾತಲ್ಲ, ಹಸಿವಿನ ಮಾತು. ದಂಡನೆಯ ಭಯವೂ ಅಲ್ಲಿ ಇತ್ತು, ಮನೆಗಳಲ್ಲಿ ಕ್ಯಾಮರಗಳನ್ನಿಟ್ಟು ಕಾಯುವ ಕಠಿಣಕ್ರಮವೂ ಇತ್ತು. ಆದರೆ ಕೇವಲ ದಂಡನೆಯಿಂದ ಅವರು ಗೆದ್ದರೆಂದು ನಾನು ನಂಬುವುದಿಲ್ಲ. ರೋಗವನ್ನು ಬಚ್ಚಿಡುವುದಕ್ಕಿಂತ ಹೇಳಿಕೊಳ್ಳುವುದೇ ಲಾಭಕರವಾಗುವಂತೆ ಅವರು ವ್ಯವಸ್ಥೆಯನ್ನು ರೂಪಿಸಿದರು. ಮೇ 31ರಂದು ಸಿಂಗಪುರವನ್ನು ರೋಗಪೀಡಿತ ಪ್ರದೇಶಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಒಟ್ಟು 238 ಮಂದಿಗೆ ರೋಗ ತಗಲಿ 33 ಮಂದಿ ತೀರಿಕೊಂಡಿದ್ದರು. ರೋಗ ತಗಲಿದವರಲ್ಲಿ ಐದರಲ್ಲಿ ಎರಡು ಪಾಲು ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದವರು. ಅವರಲ್ಲಿ 5 ಮಂದಿ ಪ್ರಾಣವನ್ನೇ ತೆತ್ತರು.

ಈ ಭತ್ಯದ ವಿಷಯವನ್ನು ಓದಿದಾಗ ನನಗೆ ನನ್ನದೇ ಒಂದು ಅಪರಾಧ ನೆನಪಿಗೆ ಬಂದಿತು. ಅದನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವುದು ಪ್ರಾಮಾಣಿಕವಾಗಲಾರದು. ಬಹಳ ವರ್ಷಗಳ ಹಿಂದೆ ನಾನು ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಕನಾಗಿದ್ದೆ. ಜ್ವರ ಬಂದ ಹುಡುಗನನ್ನು ಆ ಕ್ಷಣವೇ ಊರಿಗೆ ಕಳುಹಿಸಬೇಕೆಂಬ ನಿಯಮವನ್ನು ನಾನೇ ಮಾಡಿದ್ದೆ. ಉಳಿದವರ ಹಿತದೃಷ್ಟಿಯಿಂದ ಅದು ಸರಿಯೆಂದೇ ನಾನು ತಿಳಿದಿದ್ದೆ. ಒಂದು ಬೇಸಗೆಯಲ್ಲಿ, ಪರೀಕ್ಷೆಗಳು ಸಮೀಪಿಸಿದ್ದಾಗ, ಬಡ ಕೂಲಿಕಾರರ ಮಗನಾದ ಒಬ್ಬ ಹುಡುಗ ಮೂರು ದಿನ ಜ್ವರವನ್ನು ಮುಚ್ಚಿಟ್ಟುಕೊಂಡು ಎಲ್ಲರ ನಡುವೆಯೇ ಮಲಗಿದ. ನಾಲ್ಕನೆಯ ದಿನ ಅವನ ಮೈಮೇಲೆ ದಡಾರದ ಗುಳ್ಳೆಗಳು ಕಾಣಿಸಿಕೊಂಡವು. ಎರಡು ವಾರ ಕಳೆಯುವಷ್ಟರಲ್ಲಿ ಹನ್ನೊಂದು ಹುಡುಗರು ಹಾಸಿಗೆ ಹಿಡಿದರು. ದೈವಕೃಪೆಯಿಂದ ಎಲ್ಲರೂ ಗುಣ ಹೊಂದಿದರು. ಏಕೆ ಹೇಳಲಿಲ್ಲವೆಂದು ನಾನು ಗದರಿಸಿ ಕೇಳಿದಾಗ ಆ ಬಾಲಕ ತಲೆ ತಗ್ಗಿಸಿ, ಊರಿಗೆ ಹೋದರೆ ಪರೀಕ್ಷೆಯೂ ಇಲ್ಲ, ಎರಡು ಹೊತ್ತಿನ ಊಟವೂ ಇಲ್ಲ ಎಂದ. ಆ ಹೊತ್ತು ನಾನು ಅವನನ್ನು ತಪ್ಪಿತಸ್ಥನೆಂದೇ ಎಣಿಸಿದೆ. ತಪ್ಪು ನನ್ನ ನಿಯಮದಲ್ಲಿತ್ತೆಂಬುದು ತಿಳಿಯಲು ಬಹಳ ವರ್ಷಗಳು ಬೇಕಾದುವು. ನಿಜ ಹೇಳಿದವನಿಗೆ ಅನ್ನ ತಪ್ಪುವ ಕಡೆ ಯಾರೂ ನಿಜ ಹೇಳುವುದಿಲ್ಲ. ರೋಗಕ್ಕೆ ಅದಕ್ಕಿಂತ ಹೆಚ್ಚಿನ ಅನುಕೂಲ ಬೇರೆ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸಿಂಗಪುರವು ಒಂದು ನಗರದಷ್ಟೇ ಇರುವ ಶ್ರೀಮಂತ ರಾಷ್ಟ್ರ. ಅಂದಿಗೆ ಅದರ ಜನಸಂಖ್ಯೆ ಸುಮಾರು 40 ಲಕ್ಷ. ವಿಸ್ತಾರವಾದ, ಬಡವರಿಂದ ತುಂಬಿದ ನಮ್ಮಂತಹ ದೇಶಕ್ಕೆ ಅದರ ಮಾದರಿ ಹೇಗೆ ಹೊಂದೀತು? ಪ್ರಶ್ನೆ ನ್ಯಾಯವಾದುದೇ. ಆದರೆ ಸಾರ್ಸ್ ರೋಗವನ್ನು ಜಗತ್ತಿನಲ್ಲಿಯೇ ಮೊಟ್ಟಮೊದಲು ಹತೋಟಿಗೆ ತಂದ ರಾಷ್ಟ್ರ ಸಿಂಗಪುರವಲ್ಲ, ಅಂದು ಬಡರಾಷ್ಟ್ರವೇ ಆಗಿದ್ದ ವಿಯಟ್ನಾಮ್. ಹನೋಯಿ ನಗರದಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಇಟಾಲಿಯನ್ ವೈದ್ಯ ಕಾರ್ಲೊ ಉರ್ಬಾನಿಯವರು, ಆಸ್ಪತ್ರೆಗೆ ಬಂದ ರೋಗಿಯನ್ನು ಪರೀಕ್ಷಿಸಿ ಇದು ಅಪೂರ್ವವಾದ, ಅಪಾಯಕರವಾದ ವ್ಯಾಧಿಯೆಂಬುದನ್ನು ಮೊದಲಿಗರಾಗಿ ಕಂಡುಕೊಂಡರು. ಅವರ ಮಾತಿಗೆ ಆ ಸರ್ಕಾರ ಕಿವಿಗೊಟ್ಟಿತು. ಉರ್ಬಾನಿಯವರಿಗೂ ಆ ರೋಗವೇ ತಗಲಿ 2003ರ ಮಾರ್ಚ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಏಪ್ರಿಲ್ 28ರಂದು ವಿಯಟ್ನಾಮ್ ರೋಗಮುಕ್ತವೆಂದು ಘೋಷಿತವಾಯಿತು. ಅಲ್ಲಿ ರೋಗ ತಗಲಿದವರು 63 ಮಂದಿ, ಮೃತರಾದವರು 5 ಮಂದಿ. ಎತ್ತರವಾದ ಚಾವಣಿ, ದೊಡ್ಡ ಕಿಟಕಿಗಳಿದ್ದ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಿಟಕಿಗಳನ್ನು ತೆರೆದಿಟ್ಟು ರೋಗಿಗಳನ್ನು ನೋಡಿಕೊಂಡಾಗ ಅಲ್ಲಿನ ಸಿಬ್ಬಂದಿಗೆ ರೋಗ ಹರಡಲಿಲ್ಲವೆಂಬುದು ಮನನೀಯವಾದ ವಿಷಯ. ತೆರೆದ ಕಿಟಕಿಗೆ ಹಣ ಬೇಕಾಗುವುದಿಲ್ಲ. ಸಮಯಕ್ಕೆ ಸರಿಯಾಗಿ ನಿಜವನ್ನು ಒಪ್ಪಿಕೊಳ್ಳುವುದಕ್ಕೂ ಹಣ ಬೇಕಾಗುವುದಿಲ್ಲ.

ಹೀಗೆ 2003ನೆಯ ಜುಲೈ 5ರ ವೇಳೆಗೆ ರೋಗದ ಸರಪಳಿ ಜಗತ್ತಿನಾದ್ಯಂತ ಕಡಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಟ್ಟು 8,096 ಮಂದಿಗೆ ರೋಗ ತಗಲಿ 774 ಮಂದಿ ಅಸುನೀಗಿದ್ದರು. ಬಹಳ ದೇಶಗಳು ಇದನ್ನು ಮರೆತುವು. ಸಿಂಗಪುರ ಮರೆಯಲಿಲ್ಲ. ಅಪಾಯದ ಮಟ್ಟವನ್ನು ಬಣ್ಣಗಳಿಂದ ಸೂಚಿಸುವ ಪದ್ಧತಿಯನ್ನು ಅದು ರೂಪಿಸಿತು. 2019ರಲ್ಲಿ 330 ಹಾಸಿಗೆಗಳ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಕೇಂದ್ರವನ್ನು ತೆರೆಯಿತು. ಆ ಕೇಂದ್ರ ತೆರೆದ ಕೆಲವೇ ತಿಂಗಳುಗಳಲ್ಲಿ, 2020ನೆಯ ಜನವರಿ 23ರಂದು, ಕೋವಿಡ್ ರೋಗದ ಮೊದಲ ರೋಗಿ ಸಿಂಗಪುರದಲ್ಲಿ ಪತ್ತೆಯಾದ. ಆ ವೇಳೆಗೆ ಹಲವು ಸಚಿವಾಲಯಗಳ ಕಾರ್ಯಪಡೆ ಸಿದ್ಧವಾಗಿತ್ತು. ಸಂಪರ್ಕಿತರನ್ನು ಹುಡುಕುವ ಕಾರ್ಯ ಎಷ್ಟು ಚುರುಕಾಗಿ ನಡೆಯಿತೆಂದರೆ ಮೊದಲ ಎರಡು ತಿಂಗಳು ಲೋಕವೆಲ್ಲ ಸಿಂಗಪುರವನ್ನು ಹೊಗಳಿತು.

ಆದರೆ ಹೊಸ ರೋಗವು ಹಳೆಯ ರೋಗದ ನೆರಳಲ್ಲ. ಸಾರ್ಸ್ ಜ್ವರದ ಮೂಲಕ ತನ್ನ ಇರವನ್ನು ತಾನೇ ಸಾರುತ್ತಿತ್ತು. ಕೋವಿಡ್ ಜ್ವರ ಬರುವ ಮೊದಲೇ, ಕೆಲವರಲ್ಲಿ ಜ್ವರವೇ ಇಲ್ಲದೆ, ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಉಷ್ಣಮಾಪಕ ಒಂದೇ ಅದಕ್ಕೆ ಸಾಲದಾಯಿತು. ಆರೋಗ್ಯವಂತರು ಮುಖಗವಸು ತೊಡಬೇಕಾಗಿಲ್ಲವೆಂದು ಮೊದಲು ಹೇಳಿದ್ದ ಸರ್ಕಾರ, ಏಪ್ರಿಲಿನಲ್ಲಿ ಆ ಮಾತನ್ನು ಬದಲಾಯಿಸಬೇಕಾಯಿತು. ತಪ್ಪನ್ನು ತಿದ್ದಿಕೊಳ್ಳುವುದು ದೌರ್ಬಲ್ಯವಲ್ಲ. ಅದಕ್ಕಿಂತ ಗಂಭೀರವಾದುದು ಇನ್ನೊಂದು ಲೋಪ.

ಸಿಂಗಪುರದ ಗಗನಚುಂಬಿ ಕಟ್ಟಡಗಳನ್ನೂ ಹೆದ್ದಾರಿಗಳನ್ನೂ ಕಟ್ಟುವ, ಹಡಗುಕಟ್ಟೆಗಳಲ್ಲಿ ಬೆವರು ಸುರಿಸುವ ಕೂಲಿಕಾರರಲ್ಲಿ ಬಹಳ ಮಂದಿ ಭಾರತ ಮತ್ತು ಬಾಂಗ್ಲಾದೇಶಗಳಿಂದ ಹೋದವರು. 2020ರಲ್ಲಿ ಅಂತಹ ಸುಮಾರು 3 ಲಕ್ಷ 20 ಸಾವಿರ ಕೂಲಿಕಾರರು ವಸತಿಗೃಹಗಳಲ್ಲಿ ವಾಸಿಸುತ್ತಿದ್ದರು. ಒಂದೊಂದು ಕೋಣೆಯಲ್ಲಿ ಹನ್ನೆರಡು, ಕೆಲವೆಡೆ ಇಪ್ಪತ್ತು ಮಂದಿ. ಒಂದರ ಮೇಲೊಂದು ಮಂಚ. ಅಡುಗೆಮನೆ, ಸ್ನಾನಗೃಹ, ಶೌಚಾಲಯಗಳೆಲ್ಲ ಸಮಾನ. ಇಲ್ಲಿ ರೋಗ ಹೊಕ್ಕರೆ ಗತಿಯೇನೆಂದು ಕಾರ್ಮಿಕರ ಪರವಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಯವರು ಮಾರ್ಚ್ ತಿಂಗಳಲ್ಲಿಯೇ ಎಚ್ಚರಿಸಿದ್ದರು. ರೋಗ ಹೊಕ್ಕಿತು. ಏಪ್ರಿಲ್ 5ರಂದು ಎರಡು ವಸತಿಗೃಹಗಳನ್ನು ಪ್ರತ್ಯೇಕ ಪ್ರದೇಶಗಳೆಂದು ಘೋಷಿಸಿ ಅವುಗಳ ಬಾಗಿಲನ್ನು ಹಾಕಲಾಯಿತು. ಅನಂತರ ಉಳಿದವುಗಳ ಬಾಗಿಲುಗಳೂ ಮುಚ್ಚಿದುವು. ವರ್ಷಾಂತ್ಯದಲ್ಲಿ ಸರ್ಕಾರವೇ ಪ್ರಕಟಿಸಿದ ಲೆಕ್ಕದಂತೆ, ಆ ವಸತಿಗೃಹಗಳ ನಿವಾಸಿಗಳಲ್ಲಿ ನೂರಕ್ಕೆ 47 ಮಂದಿಗೆ ಸೋಂಕು ತಗಲಿತ್ತು. ನ್ಯಾಯವಾಗಿ ಹೇಳಬೇಕಾದರೆ, ಸರ್ಕಾರವು ಅವರಿಗೆ ಆಹಾರವನ್ನೂ ಚಿಕಿತ್ಸೆಯನ್ನೂ ಪರೀಕ್ಷೆಯನ್ನೂ ಒದಗಿಸಿತು. ಬಹುಪಾಲು ತರುಣರೇ ಆಗಿದ್ದುದರಿಂದ ಸಾವುಗಳು ಅತ್ಯಲ್ಪವಾದುವು. ಆದರೆ ಇತರ ನಿವಾಸಿಗಳಿಗೆ ಹೊರಗೆ ಓಡಾಡುವ ಸ್ವಾತಂತ್ರ್ಯ ದೊರೆತ ಮೇಲೂ ಬಹುಕಾಲ ಈ ಶ್ರಮಜೀವಿಗಳು ನಿರ್ಬಂಧದಲ್ಲಿಯೇ ಉಳಿಯಬೇಕಾಯಿತು. ಮುಂದೆ ಹೊಸ ವಸತಿಗೃಹಗಳಲ್ಲಿ ಕೋಣೆಗೆ 12 ಮಂದಿಗಿಂತ ಹೆಚ್ಚು ಇರಕೂಡದೆಂದೂ, ಕೋಣೆಗೆ ಸೇರಿದಂತೆಯೇ ಶೌಚಾಲಯವಿರಬೇಕೆಂದೂ ನಿಯಮಗಳಾದವು.

ಇಷ್ಟು ಜಾಗರೂಕವಾದ ರಾಷ್ಟ್ರಕ್ಕೆ ಈ ವಸತಿಗೃಹಗಳು ಕಾಣಲಿಲ್ಲವೇಕೆ? ಕಾಣಿಸಿದ್ದುವು, ಎಣಿಕೆಗೆ ಬಂದಿರಲಿಲ್ಲ. 2003ರಲ್ಲಿ ತರಕಾರಿ ಮಾರುವವನ ಮನೆಯ ಒಲೆಯನ್ನು ನೆನೆದ ಆ ರಾಷ್ಟ್ರ, ತನ್ನ ನಾಗರಿಕನಲ್ಲದ ಕೂಲಿಕಾರನ ಮಂಚವನ್ನು ಸಮಯಕ್ಕೆ ಸರಿಯಾಗಿ ನೆನೆಯಲಿಲ್ಲ. ಪಿಡುಗಿಗೆ ಪೌರತ್ವದ ಭೇದ ತಿಳಿಯದು. ಕೋಟೆಯ ಗೋಡೆ ಎಷ್ಟೇ ಎತ್ತರವಾಗಿದ್ದರೂ, ನಾವು ನೋಡಲೊಲ್ಲದ ಮೂಲೆಯಲ್ಲಿಯೇ ಅದಕ್ಕೆ ಬಿರುಕು ಬಿಡುತ್ತದೆ.

ಇದನ್ನು ಹೇಳಿ ಪರರಾಷ್ಟ್ರವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 2020ನೆಯ ಮಾರ್ಚ್ 25ರಿಂದ ನಮ್ಮ ದೇಶದಲ್ಲಿ ಸಂಪೂರ್ಣ ನಿರ್ಬಂಧ ಜಾರಿಗೆ ಬಂದಾಗ, ಬೆಂಗಳೂರಿನಂತಹ ನಗರಗಳಿಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಊರುಗಳ ಕಡೆಗೆ ನಡೆದ ಕೂಲಿಕಾರರನ್ನು ನಾವೆಲ್ಲರೂ ಕಂಡಿದ್ದೇವೆ. ಅವರಿಗೆಂದು ಶ್ರಮಿಕ ರೈಲುಗಳು ಹೊರಟದ್ದು ಮೇ 1ರಿಂದ. ನಡುವಿನ ಐದು ವಾರಗಳಲ್ಲಿ ಅವರೂ ನಮ್ಮ ಎಣಿಕೆಗೆ ಬಂದಿರಲಿಲ್ಲ. ನಮ್ಮ ಮನೆಗಳನ್ನು ಕಟ್ಟಿದವರು ಎಲ್ಲಿ ಮಲಗುತ್ತಾರೆಂಬುದನ್ನು ನಾವು ಕೇಳಿರಲಿಲ್ಲ. ಅಂತೆಯೇ ರೋಗಿಗಳ ಸೇವೆ ಮಾಡಿ ಮನೆಗೆ ಮರಳಿದ ದಾದಿಯರನ್ನು ಕಂಡು ಬಾಗಿಲು ಹಾಕಿಕೊಂಡವರು ನಮ್ಮಲ್ಲಿಯೂ ಇದ್ದರು. 2003ರ ಸಿಂಗಪುರದಲ್ಲಿಯೂ ಸಮವಸ್ತ್ರ ತೊಟ್ಟ ದಾದಿಯರ ಪಕ್ಕದಲ್ಲಿ ಕುಳಿತುಕೊಳ್ಳಲು ಬಸ್ಸಿನಲ್ಲಿ ಜನ ಹಿಂಜರಿದಿದ್ದರು. ಭಯವು ಎಲ್ಲ ದೇಶಗಳಲ್ಲಿಯೂ ಒಂದೇ ಭಾಷೆಯನ್ನಾಡುತ್ತದೆ.

ಹಾಗಾದರೆ ಒಂದು ಗ್ರಾಮಾಂತರ ವಿದ್ಯಾಸಂಸ್ಥೆಯ ಬಳಗಕ್ಕೂ ಈ ಮಾತುಗಳಿಗೂ ಸಂಬಂಧವೇನು? ರಾಷ್ಟ್ರದ ಪ್ರತಿಕ್ರಿಯೆಯೆಂಬುದು ರಾಜಧಾನಿಯಲ್ಲಿ ಮಾತ್ರ ರೂಪುಗೊಳ್ಳುವುದಿಲ್ಲ ಎಂಬುದೇ ನನ್ನ ಉತ್ತರ. ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಆರಂಭವಾಗುತ್ತದೆ. ಒಂದೇ ವಾರದಲ್ಲಿ ಒಂದೇ ಓಣಿಯ ಆರು ಮಕ್ಕಳು ಗೈರುಹಾಜರಾದರೆ ಅದನ್ನು ಮೊದಲು ಕಾಣುವವನು ಜಿಲ್ಲಾ ಆರೋಗ್ಯಾಧಿಕಾರಿಯಲ್ಲ, ತರಗತಿಯ ಉಪಾಧ್ಯಾಯ. ಕೆಂಪು ಮಸಿಯಲ್ಲಿ ಗೈರು ಗುರುತು ಹಾಕುವುದರೊಂದಿಗೆ ಅವನ ಕರ್ತವ್ಯ ಮುಗಿಯಬಾರದು. ಕಾರಣವನ್ನು ವಿಚಾರಿಸಿ, ಅಗತ್ಯವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದೂ ಅವನ ಕಾಯಕದ ಅಂಗವಾಗಬೇಕು. ವಿಜ್ಞಾನದ ಪಾಠದಲ್ಲಿ ವೈರಾಣುವಿನ ಚಿತ್ರ ಬರೆಸಿದರಷ್ಟೇ ಸಾಲದು. ರೋಗವೇ ಶತ್ರು, ರೋಗಿಯಲ್ಲ ಎಂಬ ವಿವೇಕವನ್ನು ಮಕ್ಕಳ ಮನಸ್ಸಿನಲ್ಲಿ ಬಿತ್ತಬೇಕು.

ವಿದ್ಯಾರ್ಥಿನಿಲಯದ ವಿಷಯದಲ್ಲಿ ನನ್ನ ಹಳೆಯ ನಿಯಮವನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ. ಜ್ವರ ಬಂದ ಹುಡುಗನನ್ನು ಊರಿನ ಬಸ್ಸು ಹತ್ತಿಸುವುದು ರೋಗವನ್ನು ಇನ್ನೊಂದು ಊರಿಗೆ ಕಳುಹಿಸುವ ಉಪಾಯವೇ ಹೊರತು ಬೇರೇನೂ ಅಲ್ಲ. ಅವನಿಗೆ ನಿಲಯದಲ್ಲಿಯೇ ಪ್ರತ್ಯೇಕವಾದ ಹಾಸಿಗೆಯೂ, ಹೊತ್ತುಹೊತ್ತಿಗೆ ಗಂಜಿಯೂ, ವೈದ್ಯರ ಭೇಟಿಯೂ, ಕಳೆದುಹೋದ ಪರೀಕ್ಷೆಯನ್ನು ಮತ್ತೆ ಬರೆಯುವ ಅವಕಾಶವೂ ದೊರೆಯುವುದೆಂದು ಮೊದಲೇ ತಿಳಿಸಿದರೆ, ಯಾವ ಹುಡುಗನೂ ಜ್ವರವನ್ನು ಮುಚ್ಚಿಡುವುದಿಲ್ಲ. ಸಿಂಗಪುರದ 70 ಡಾಲರುಗಳಿಗೆ ನಮ್ಮ ನಿಲಯದಲ್ಲಿ ಸಮನಾದುದು ಈ ಒಂದು ಬಟ್ಟಲು ಗಂಜಿ.

ಕೊನೆಯದಾಗಿ, ನಮ್ಮ ಉದಾರ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ನೀವು ಕೊಟ್ಟ ಸಭಾಭವನಗಳು, ಮಹಾದ್ವಾರಗಳು, ರಂಗಮಂಟಪಗಳು ಈ ಸಂಸ್ಥೆಗಳಿಗೆ ಶೋಭೆ ತಂದಿವೆ. ಅವುಗಳನ್ನು ಕಡಿಮೆಯೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ಆದರೆ ಇಂತಹ ಸಂಸ್ಥೆಗಳಿಗೆ ಮುಂದೆ ಕೊಡಬೇಕೆಂದಿರುವ ಕಾಣಿಕೆಯಲ್ಲಿ ಒಂದು ಪಾಲು ನಾಲ್ಕು ಹಾಸಿಗೆಗಳ, ದೊಡ್ಡ ಕಿಟಕಿಗಳ, ಪ್ರತ್ಯೇಕ ಶೌಚಾಲಯವುಳ್ಳ ಒಂದು ರೋಗಿಕೋಣೆಗೆ ಸಲ್ಲಲಿ. ಮಲಗುವ ಕೋಣೆಗಳಲ್ಲಿ ಮಂಚಗಳ ನಡುವಿನ ಅಂತರ ಇನ್ನೊಂದು ಮೊಳ ಹೆಚ್ಚಲಿ. ಎಂದೋ ಜಡಿದುಹೋದ ಕಿಟಕಿಗಳು ತೆರೆಯುವಂತಾಗಲಿ. ಅಡುಗೆಯವರೂ ಕಸ ಗುಡಿಸುವವರೂ ಮಲಗುವ ಜಾಗವನ್ನು ಆಡಳಿತ ಮಂಡಳಿಯ ಸದಸ್ಯರು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಲಿ. ಏಕೆಂದರೆ ಪ್ರತಿಯೊಂದು ಸಂಸ್ಥೆಗೂ ತಾನು ನೋಡದ ಒಂದು ವಸತಿಗೃಹ ಇರುತ್ತದೆ. ಇಂತಹ ದಾನಕ್ಕೆ ಶಿಲಾಫಲಕ ಹಾಕಿದರೂ ಅದನ್ನು ಓದುವವರು ಬಹಳ ಮಂದಿ ಇರಲಾರರು. ಆ ಕೋಣೆ ವರ್ಷದ ಹೆಚ್ಚಿನ ದಿನ ಬರಿದಾಗಿಯೇ ಇರುತ್ತದೆ. ಬರಿದಾಗಿರುವುದೇ ಅದರ ಸಾರ್ಥಕತೆ.

ಮುಂದಿನ ಪಿಡುಗು ಯಾವಾಗ, ಎಲ್ಲಿಂದ ಬರುವುದೆಂದು ಯಾರೂ ಹೇಳಲಾರರು. ಅದು ಬಂದ ದಿನ ನಮ್ಮ ನಿಲಯದ ಒಬ್ಬ ಬಡ ಬಾಲಕ, ಬೆಳಗಿನ ಪ್ರಾರ್ಥನೆಗೆ ಮೊದಲು, ಭಯಪಡದೆ ಮೇಲ್ವಿಚಾರಕರ ಬಾಗಿಲಿಗೆ ಬಂದು "ಗುರುಗಳೇ, ನನಗೆ ಜ್ವರ ಬಂದಿದೆ" ಎಂದು ಹೇಳುವಂತಾದರೆ, ರಾಷ್ಟ್ರರಕ್ಷಣೆಯ ಕಾರ್ಯದಲ್ಲಿ ನಮ್ಮ ಪಾಲನ್ನು ನಾವು ಸಲ್ಲಿಸಿದೆವೆಂದು ತಿಳಿಯಬಹುದು.